ಬೇವಿನಕಟ್ಟಿ ದೇಶದ ನಿರಾಕ್ಷೇಪಣಾ ಪತ್ರ

ಒಂದು ಕಾಲ ಇತ್ತು. ಆ ಕಾಲದೊಳಗೆ ಒಂದು ಬೇವಿನ ಗಿಡ ಇತ್ತು. ಗಿಡದ ಕೆಳಗೆ ಒಂದು ದೇಶ ಇತ್ತು. ದೇಶಕ್ಕೆ ಒಬ್ಬನೇ ದೊರೆ, ದೊರೆಗೆ ಒಂದೇ ಕೆಲಸ. ಆ ಕೆಲಸವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅವನು ಮಾಡಿದ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೇಳುವ ಕಥೆಗಳು ಹೀಗೆಯೇ ಶುರುವಾಗುತ್ತವೆ. ಯಾವ ಕಾಲ, ಯಾವ ದೇಶ ಎಂದು ಕೇಳಿದರೆ ಆಕೆ ಅಜ್ಜಿಯಾಗಿಯೂ ಮುನಿಸಿಕೊಂಡು ಗೋಡೆಯ ಕಡೆ ತಿರುಗುತ್ತಾಳೆ. ನನ್ನ ಕಥೆಯಲ್ಲಿ ಅಂಥ ಗುಟ್ಟೇನೂ ಇಲ್ಲ. ಕಾಲ, ಹೋದ ವರ್ಷದ ಮಳೆಗಾಲ. ದೇಶ, ಆಳಂದ ತಾಲೂಕಿನಲ್ಲಿ, ಹಿರೋಳ್ಳಿಗೆ ಹೋಗುವ ಬಸ್ಸು ಎರಡು ನಿಮಿಷ ನಿಂತು ಹೋಗುವ ನಮ್ಮ ಊರಿನ ಹಿತ್ತಲಲ್ಲಿ. ದೊರೆ ನನ್ನ ಅಪ್ಪನ ತಮ್ಮ, ವ್ಯಂಕಟೇಶ ಕಾಕಾ.

ನಮ್ಮ ಸೀಮೆಯಲ್ಲಿ ಒಂದೇ ಹೆಸರಿನ ಎರಡೆರಡು ಊರುಗಳಿರುತ್ತವೆ. ದೊಡ್ಡದು ಬುದ್ರುಕ, ಸಣ್ಣದು ಖುರ್ದ. ಈಗ ಬೋರ್ಡಿನ ಮೇಲೆ ಬಿ ಮತ್ತು ಕೆ ಎಂಬ ಎರಡು ಅಕ್ಷರಗಳಷ್ಟೇ ಉಳಿದಿವೆ. ನಮ್ಮದು ಬೇವಳಗಾ ಬಿ. ನಮ್ಮ ಹಿತ್ತಲು ದಾಟಿದರೆ ಬೇವಳಗಾ ಕೆ. ಪಂಚಾಯಿತಿ ಬೇರೆ, ರೇಷನ್ ಅಂಗಡಿ ಬೇರೆ. ಉಳಿದಂತೆ ಆ ವ್ಯತ್ಯಾಸ ಕೋಳಿಗಳಿಗೂ ಗೊತ್ತಿರಲಿಲ್ಲ. ಹಿತ್ತಲ ಬಾಗಿಲು ತೆರೆದರೆ ಬೇವಿನ ಗಿಡ, ಗಿಡದ ಸುತ್ತ ಕಟ್ಟೆ, ಕಟ್ಟೆಯ ಆಚೆ ಹಜರಾಬಿಯ ಮನೆಯ ಹಿಂಬಾಗಿಲು. ಹಜರಾಬಿ ಮತ್ತು ಆಯಿ ಈ ಎರಡು ಮನೆಗಳಿಗೆ ಸೊಸೆಯರಾಗಿ ಬಂದದ್ದು ಒಂದೇ ವರ್ಷ. ಅಂದಿನಿಂದ ದಿನಾ ಮಧ್ಯಾಹ್ನ ಮೂರು ಗಂಟೆಗೆ ಹಜರಾಬಿ ಹಿಂಬಾಗಿಲು ತೆರೆದು, ಹದಿನೆಂಟು ಹೆಜ್ಜೆ ನಡೆದು, ಕಟ್ಟೆಯ ಮೇಲೆ ಕೂಡುತ್ತಿದ್ದಳು. ಆಯಿ ಕಥೆ ಹೇಳುತ್ತಿದ್ದಳು. ಹಜರಾಬಿ ಹೂಂ ಅನ್ನುತ್ತಿದ್ದಳು.

ಹೂಂ ಅನ್ನುವುದು ಸಣ್ಣ ಕೆಲಸವೆಂದು ತಿಳಿಯಬೇಡಿ. ಹೂಂ ಅನ್ನುವವರಿಲ್ಲದಿದ್ದರೆ ಆಯಿ ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ನಡೆಸುವುದಿಲ್ಲ. ನಾನೂ ಹೂಂ ಅಂದು ನೋಡಿದ್ದೇನೆ. "ನಿನ್ನ ಹೂಂ ಖಾಲಿ ಅದ, ದೀಪಾಲಿ. ರಾಜಾ ಇನ್ನೂ ಕುದುರಿ ಇಳಿದಿರಂಗಿಲ್ಲ, ನೀ ಆಗಲೇ ಅರಮನಿ ಒಳಗ ಹೋಗಿ ಕುಂತಿರ್ತಿ," ಎಂದು ಆಯಿ ನನ್ನನ್ನು ತಳ್ಳಿಹಾಕಿದಳು. ಅದು ನಿಜವೇ. ನಾನು ರಾಜನಿಗಿಂತ ಯಾವಾಗಲೂ ಸ್ವಲ್ಪ ಮುಂದೆಯೋ ಹಿಂದೆಯೋ ಇರುತ್ತೇನೆ. ಹಜರಾಬಿ ಮಾತ್ರ ಅವನ ಕುದುರೆಯ ಪಕ್ಕದಲ್ಲೇ ನಡೆಯುತ್ತಿದ್ದಳು.

ಹೋದ ವರ್ಷ ಮೇ ತಿಂಗಳಲ್ಲಿ ಎರಡೂ ಪಂಚಾಯಿತಿಗಳಿಗೆ ಮೋರಿ ಮಂಜೂರಾಯಿತು. ಬಿ ಊರಿನ ಗುತ್ತಿಗೆದಾರ ತನ್ನ ನಕ್ಷೆ ಹಿಡಿದು, ಬಿ ಊರು ಎಲ್ಲಿ ಮುಗಿಯುತ್ತದೋ ಅಲ್ಲಿ ಅಗೆದ. ಕೆ ಊರಿನ ಗುತ್ತಿಗೆದಾರ ತನ್ನ ನಕ್ಷೆ ಹಿಡಿದು, ಕೆ ಊರು ಎಲ್ಲಿ ಮುಗಿಯುತ್ತದೋ ಅಲ್ಲಿ ಅಗೆದ. ಅಗೆದಾದ ಮೇಲೆ ನೋಡಿದರೆ ಎರಡು ಮೋರಿಗಳ ನಡುವೆ ಹನ್ನೆರಡು ಹೆಜ್ಜೆ ಅಗಲದ ನೆಲ, ಬೇವಿನ ಗಿಡ ಮತ್ತು ಕಟ್ಟೆಯ ಸಮೇತ, ನಡುಗಡ್ಡೆಯ ಹಾಗೆ ಉಳಿದಿತ್ತು.

ನಮ್ಮ ಬಿ ಮೋರಿ ಸಣ್ಣದು, ಅದರ ಮೇಲೆ ಎಲ್ಲ ಬಾಗಿಲಿಗೂ ಒಂದೊಂದು ಕಲ್ಲು ಹಾಸಿದರು. ಕೆ ಮೋರಿ ನಾಲ್ಕು ಫೂಟು ಅಗಲ, ಆಳ ಸೊಂಟಮಟ್ಟ. ಅವರ ಅಂದಾಜುಪಟ್ಟಿಯಲ್ಲಿ ಮುಂಬಾಗಿಲಿಗಷ್ಟೇ ಕಲ್ಲು ಹಾಸಬೇಕೆಂದಿತ್ತು. ಮನೆಗಳಿಗೆ ಹಿಂಬಾಗಿಲು ಎಂಬುದೊಂದು ಇರುತ್ತದೆ ಎಂದು ಅದರಲ್ಲಿ ಯಾರೂ ಬರೆದಿರಲಿಲ್ಲ.

ಜೆಸಿಬಿ ಬಂದ ದಿನ ಕಥೆ ಅರ್ಧದಲ್ಲಿತ್ತು. ಒಬ್ಬ ರಾಜಕುಮಾರಿ ತನ್ನ ನೆರಳನ್ನು ಸಂತೆಗೆ ಕಳಿಸಿದ್ದಳು. ನೆರಳು ಸಂತೆಯಲ್ಲೇ ಉಳಿಯಿತು.

ಆಯಿ, ಹಜರಾಬಿ ಇಬ್ಬರೂ ಮೋರಿಯ ಎರಡು ದಂಡೆಯ ಮೇಲೆ ಕುಳಿತು ಕಥೆ ಮುಂದುವರಿಸಲು ನೋಡಿದರು. ಆಯಿಗೆ ಬಲಗಿವಿ ಕೇಳುವುದಿಲ್ಲ, ಎಡಗಿವಿ ಮನಸ್ಸಿದ್ದಾಗ ಕೇಳುತ್ತದೆ. ಹೂಂ ದಾಟಿ ಬರಲಿಲ್ಲ. ಊರು ಸುತ್ತಿ ಮುಂಬಾಗಿಲಿನಿಂದ ಬರಲು ಒಂದು ಕಿಲೋಮೀಟರ್. ಹಜರಾಬಿಯ ಮೊಣಕಾಲು ಅದಕ್ಕೆ ಒಪ್ಪಲಿಲ್ಲ. ಒಮ್ಮೆ ಕಾಕಾ ಬೈಕಿನ ಮೇಲೆ ಕೂಡಿಸಿಕೊಂಡು ಬಂದ. ಆಕೆ ಕಣ್ಣು ಮುಚ್ಚಿಕೊಂಡು ಬಂದಳು, ನೆಂಟರಂತೆ ಚಹಾ ಕುಡಿದಳು, ಕಥೆ ಕೇಳಲಿಲ್ಲ. "ಗಾಡಿ ಮ್ಯಾಲ ಬಂದವ್ರು ಪಾವಣೇರು, ಅಕ್ಕಾ. ಪಾವಣೇರಿಗಿ ಚಾ ಕೊಡ್ತಾರ. ಕಥಿ ಮನಿಮಂದಿಗಿ ಹೇಳೂದು," ಎಂದು ಆಯಿಗೆ ಹೇಳಿ, ಕಣ್ಣು ಮುಚ್ಚಿಕೊಂಡೇ ವಾಪಸು ಹೋದಳು.

ಆಮೇಲೆ ಕಾಕಾ ಮೋರಿಯ ಮೇಲೆ ಒಂದು ಹಳೆಯ ಬಾಗಿಲಿನ ಹಲಗೆ ಹಾಕಿದ. ನಾಲ್ಕನೆಯ ದಿನ ಹಲಗೆ ಹೊರಳಿ ಹಜರಾಬಿ ಬಿದ್ದಳು, ಎಡಗೈ ಮುರಿಯಿತು. ಮರುದಿನ ಕೆ ಪಂಚಾಯಿತಿಯ ಆಳುಗಳು ಬಂದು, ಇದು ಅತಿಕ್ರಮಣವೆಂದು ಹಲಗೆಯನ್ನೂ ಒಯ್ದರು. ಕಾಕಾ ಮೋರಿಯ ಈಚೆ ನಿಂತು, ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ಆಚೆ ಕುಳಿತ ಹಜರಾಬಿಗೆ ಮಾತು ಕೊಟ್ಟ:

"ಖಾಲಾ, ಇಲ್ಲಿ ಕಲ್ಲು ಹಾಕತೇನಿ. ಹೊರಳಬಾರದು, ಯಾರೂ ಎತ್ತಿಕೊಂಡು ಹೋಗಬಾರದು, ಅಂಥಾ ಕಲ್ಲು."

"ಜಲ್ದಿ ಹಾಕು, ಬೇಟಾ," ಎಂದಳು ಹಜರಾಬಿ. "ನಸ್ರೀನ ಕರಿಯಾಕತ್ತಾಳ."

ನಸ್ರೀನ ಆಕೆಯ ಮಗಳು. ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ಅಂಗನವಾಡಿ ಟೀಚರು. ಕೈ ಮುರಿದ ಸುದ್ದಿ ಕೇಳಿದಾಗಿನಿಂದ ಆಕೆಯದು ಒಂದೇ ಮಾತು: ಹೊರಗೆ ಕಾಲಿಡಲಾರದ ಮನೆಯಲ್ಲಿ ಅಮ್ಮ ಯಾಕಿರಬೇಕು? ಸೆಪ್ಟೆಂಬರ್ ಹದಿನೇಳಕ್ಕೆ ನಮ್ಮ ಕಡೆ ರಜೆ, ನಿಜಾಮನಿಂದ ಬಿಡುಗಡೆಯಾದ ದಿನ. ಅಂದು ಟೆಂಪೊ ತರುತ್ತೇನೆ, ಅಷ್ಟರೊಳಗೆ ಆ ಹಿಂಬಾಗಿಲಿಗೆ ದಾರಿ ಆದರೆ ಇರಲಿ, ಆಗದಿದ್ದರೆ ಗಂಟು ಕಟ್ಟು ಎಂದು ಫೋನಿನಲ್ಲಿ ಹೇಳಿದ್ದಳು.

ಕೆಲಸ ಇಷ್ಟೇ. ನಾಲ್ಕು ಫೂಟಿನ ಮೋರಿಗೆ ಒಂದು ಕಲ್ಲು. ಬೇರೆ ಯಾರಾದರೂ ಆಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆದರೆ ನಮ್ಮ ಕಾಕಾ ಅರ್ಜಿ ಬರೆಯುವವನು. ಇಪ್ಪತ್ತಾರು ವರ್ಷದಿಂದ ಆಳಂದದಲ್ಲಿ ಒಂದು ಹುಣಸೆ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು, ಊರಮಂದಿಯ ಕಷ್ಟಗಳಿಗೆಲ್ಲ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂಬ ಬಾಗಿಲು ಕಟ್ಟಿಕೊಡುತ್ತ ಬಂದವನು. ಮನೆಯಲ್ಲೂ ಅವನು 'ಚಹಾ ಕೊಡು' ಎಂದು ಕೇಳಿದವನಲ್ಲ. ಚಹಾದ ಬಗ್ಗೆ ವಿಚಾರಿಸುತ್ತಾನೆ. "ಸಣ್ಣಾಂವಿದ್ದಾಗ ಒಂದು ಕಾಗದಾ ಇಲ್ಲಂತ ಅವನ ನೌಕರಿ ಹೋತು," ಎಂದು ಆಯಿ ಒಮ್ಮೆ ಹೇಳಿದ್ದಳು. "ಆವಾಗಿಂದ ಕಾಗದಾ ಇಲ್ದ ಗಾಳಿನೂ ಕುಡಿಯಂಗಿಲ್ಲ."

ಜುಲೈನಲ್ಲಿ ಕಲ್ಲು ಬಂತು. ಕಲ್ಲಿನ ಕೆಲಸದ ಬೀರಣ್ಣ ಶಹಾಬಾದಿನಿಂದ ಟ್ರಾಕ್ಟರಿನಲ್ಲಿ ತಂದ ಫರಸಿ: ಆರು ಫೂಟು ಉದ್ದ, ಎರಡು ಫೂಟು ಅಗಲ, ನಾಲ್ಕು ಬೆರಳು ದಪ್ಪ, ಮಳೆಮೋಡದ ಬಣ್ಣ. ನಾಲ್ವರು ಅದನ್ನು ಹೊತ್ತು ಮೋರಿಯ ತನಕ ತಂದರು. ಇನ್ನೇನು ಇಳಿಸಬೇಕು, ಕಾಕಾ ಕೈ ಎತ್ತಿದ.

"ನಿಲ್ರಿ. ಪರವಾನಿಗಿ?"

"ಕಲ್ಲಿಗ್ಯಾಕ್ರಿ ಪರವಾನಿಗಿ?" ಎಂದು ಕೇಳಿದ ಬೀರಣ್ಣ, ಹೆಗಲ ಮೇಲೆ ಫರಸಿಯ ನಾಲ್ಕನೇ ಒಂದು ಭಾಗ ಹೊತ್ತುಕೊಂಡು.

"ಹಲಗಿ ಒಯ್ದಾರಲ್ಲ. ಕಲ್ಲೂ ಒಯ್ತಾರ. ಕಾಗದಾ ಇದ್ದರ ಒಯ್ಯಂಗಿಲ್ಲ."

ಫರಸಿಯನ್ನು ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಿದರು. ಮೋರಿಯಿಂದ ಅದು ಐದು ಹೆಜ್ಜೆ ದೂರ ಇತ್ತು. ಎರಡು ತಿಂಗಳು ಅಷ್ಟೇ ದೂರ ಇತ್ತು.

ಕೆ ಪಂಚಾಯಿತಿಯ ಪಿಡಿಓ ನಂದಕಿಶೋರ ಅಫಜಲಪುರದ ಕಡೆಯವರು, ಹೊಸದಾಗಿ ಬಂದವರು, ಒಳ್ಳೆಯವರು. ಕಾಕಾನ ಅರ್ಜಿಯನ್ನು ಎರಡು ಸಲ ಓದಿದರು. ಅದು ಓದಲು ಚೆನ್ನಾಗಿತ್ತು.

"ಫರಸಿ ನಮ್ಮ ಮೋರಿ ಮ್ಯಾಲ ಬರ್ತದ, ಅದಕ್ಕ ನಂದೇನೂ ತಕರಾರಿಲ್ರಿ," ಎಂದರು. "ಆದ್ರ ಅದರ ಆ ಕಡಿ ತುದಿ ಯಾರ ನೆಲದ ಮ್ಯಾಲ ಕೂಡತದ? ಅವರದೊಂದು ಎನ್ನೋಸಿ, ತಕರಾರಿಲ್ಲ ಅಂತ ಒಂದು ಪತ್ರ, ತಂದುಬಿಡ್ರಿ. ನಾಳಿ ಆಡಿಟ್‌ನವರು ಕೇಳ್ತಾರ."

ಕಾಕಾ ಬಿ ಪಂಚಾಯಿತಿಗೆ ಹೋದ. ಅಲ್ಲಿನ ಗುಮಾಸ್ತ ನಕ್ಷೆ ಹಾಸಿ, ಬೆರಳಿನಿಂದ ಊರನ್ನು ಸವರಿ, ನಮ್ಮ ಹಿತ್ತಲ ಮೋರಿಯ ಹತ್ತಿರ ಬೆರಳು ನಿಲ್ಲಿಸಿದ. "ನಮ್ಮ ಊರು ಇಲ್ಲಿಗಿ ಮುಗೀತ್ರಿ. ಅದರಾಚಿ ನಮ್ಮದಲ್ಲ. ನಮ್ಮದಲ್ಲದ್ದಕ್ಕ ನಾವು ಹೆಂಗ ಎನ್ನೋಸಿ ಕೊಡೂದು?" ಕಾಕಾ ಮತ್ತೆ ಕೆ ಪಂಚಾಯಿತಿಗೆ ಬಂದು ಅವರ ನಕ್ಷೆ ತೆಗೆಸಿದ. ಅವರ ಊರು ಅವರ ಮೋರಿಗೇ ಮುಗಿದಿತ್ತು. ನಡುವಿನ ಹನ್ನೆರಡು ಹೆಜ್ಜೆಯ ಮೇಲೆ ಎರಡೂ ನಕ್ಷೆಗಳಲ್ಲಿ ಬಿಳಿ ಕಾಗದವಿತ್ತು.

ಅಂದು ಕಾಕಾ ಮನೆಗೆ ಬಂದು ಎರಡು ರೊಟ್ಟಿ ತಿಂದ. ಎದ್ದು ಹಿತ್ತಲಿಗೆ ಹೋಗಿ ಟೇಪು ಹಿಡಿದು ನೆಲವನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದ. ಬಂದು ತನ್ನ ಹೆಂಡತಿ, ನನ್ನ ಕಾಕು, ಪ್ರಮಿಲಾಳ ಮುಂದೆ ನಿಂತ.

"ಪ್ರಮಿಲಾ, ಆ ನೆಲ ಯಾರದೂ ಅಲ್ಲ. ಎರಡೂ ಸರಕಾರ ತಮ್ಮ ಗಡಿ ತಾವೇ ಅಗದು ತೋರಿಸ್ಯಾವ."

"ಹಂಗಾರ ಹೀರಿಬಳ್ಳಿ ಹಚ್ಚತೇನಿ," ಎಂದಳು ಕಾಕು.

"ಹೀರಿಬಳ್ಳಿ ಅಲ್ಲ. ಎನ್ನೋಸಿ ಕೊಡಾಕ ಒಬ್ಬ ಮಾಲಕ ಬೇಕು. ಮಾಲಕ ಇಲ್ಲದ ನೆಲಕ್ಕ ಸರಕಾರ ಮಾಲಕ. ಸರಕಾರನೂ ಇಲ್ಲಂದ್ರ..." ಅವನು ತಡೆದು, ತಾನೇ ಹೆದರಿದವನಂತೆ ಸಣ್ಣ ದನಿಯಲ್ಲಿ ಹೇಳಿದ, "ಒಂದು ಸರಕಾರ ಮಾಡಬೇಕಾಗ್ತದ."

ಕಾಕು ಮಣ್ಣೂರಿನವಳು, ಭೀಮಾ ನದಿಯ ದಂಡೆಯ ಮೇಲೆ ಬೆಳೆದವಳು. "ನಮ್ಮೂರಾಗ ಹೊಳಿ ತುಂಬಿ ಬಂದರ ತೆಪ್ಪ ಹಾಕಿ ದಾಟತಿದ್ವಿ. ನಿಮಗ ನಾಕು ಫೂಟ ಗಟಾರ ದಾಟಾಕ ಸರಕಾರ ಬೇಕೇನ್ರಿ?" ಎಂದು ಕೇಳಿದಳು. ಕಾಕಾ ಆಗಲೇ ಕಾಗದ ಹುಡುಕುತ್ತಿದ್ದ.

ಜಗತ್ತಿನಲ್ಲಿ ಎಷ್ಟೋ ದೇಶಗಳು ಸ್ವತಂತ್ರವಾಗಿವೆ. ಕೆಲವು ಉಪವಾಸದಿಂದ, ಕೆಲವು ಯುದ್ಧದಿಂದ. ಅರ್ಜಿ ಕೊಟ್ಟು ಸ್ವತಂತ್ರವಾದದ್ದು ನಮ್ಮ ಹಿತ್ತಲೊಂದೇ ಇರಬೇಕು. ಬೇರೆ ರೀತಿಯ ಬರಹ ಕಾಕಾನಿಗೆ ಬರುತ್ತಿರಲಿಲ್ಲ. ಅದರ ಒಂದು ಪ್ರತಿ ಈಗಲೂ ನನ್ನ ಹತ್ತಿರ ಇದೆ. 'ಇವರಿಂದ: ಸಂಬಂಧಪಟ್ಟವರು. ಇವರಿಗೆ: ಸಂಬಂಧಪಟ್ಟವರಿಗೆ. ವಿಷಯ: ಸ್ವತಂತ್ರರಾಗುವ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಜಾಗವು ಆಗಸ್ಟ್ ಹದಿನೈದರಂದಾಗಲೀ ಸೆಪ್ಟೆಂಬರ್ ಹದಿನೇಳರಂದಾಗಲೀ ಯಾರ ಗಮನಕ್ಕೂ ಬಾರದೆ ಉಳಿದಿದ್ದು, ಆದಕಾರಣ ಇಂದಿನಿಂದ ತಾನೇ ಸ್ವತಂತ್ರವಾಗಿರಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ.' ಕೆಳಗೆ ಎರಡು ಫೋಟೊ ಅಂಟಿಸಿದ್ದ. ಒಂದು ತನ್ನದು, ಇನ್ನೊಂದು ಬೇವಿನ ಗಿಡದ್ದು.

ಅರ್ಜಿಯನ್ನು ಕಟ್ಟೆಯ ಮೇಲಿಟ್ಟು, ತಾನೇ ಆ ಕಡೆ ಹೋಗಿ ಕುಳಿತು, ತಾನೇ ಸ್ವೀಕರಿಸಿ, ತಾನೇ ಮಂಜೂರು ಮಾಡಿದ. ಸಾಕ್ಷಿಗೆ ಚಂದಪ್ಪ ಇದ್ದ. ಚಂದಪ್ಪ ದಿನವಿಡೀ ಆ ಕಟ್ಟೆಯ ಮೇಲೆಯೇ ಇರುವವನು. ಎದ್ದಾಗ ಭಾರತದ ಪ್ರಜೆಯಾಗಿದ್ದವನು ಮಲಗುವ ಹೊತ್ತಿಗೆ ಬೇವಿನಕಟ್ಟಿ ದೇಶದ ಪ್ರಜೆಯಾಗಿದ್ದ. "ನಾ ಏನೂ ಮಾಡಿಲ್ರಿ, ಇಲ್ಲೇ ಕುಂತಿದ್ದೆ," ಎಂದು ಹೆಂಡತಿಗೆ ಹೇಳಿದನಂತೆ.

ಕಲಬುರಗಿಯಿಂದ ಕಾಕಾ ಮಾಡಿಸಿದ ಗುಂಡಗಿನ ಶಿಕ್ಕಾ, ಅಂದರೆ ರಬ್ಬರ್ ಮೊಹರು, ಬಂದ ಮೇಲೆ ದೇಶಕ್ಕೆ ಜೀವ ಬಂತು. ಶಿಕ್ಕಾ ನೋಡಿದರೆ ನಮ್ಮ ಜನಕ್ಕೆ ಒತ್ತಿಸಿಕೊಳ್ಳುವ ಆಸೆ. ಶಾಲೆಗೆ ಹೋಗುವ ಮಕ್ಕಳು ಅಂಗೈಗೆ ಒತ್ತಿಸಿಕೊಂಡರು. ಚಂದಪ್ಪ, ತನ್ನ ಭಾವ ಸಾಲ ಕೇಳಲು ಬಂದ ದಿನ ತಾನು ಪರದೇಶದಲ್ಲಿದ್ದೆ ಎಂದು ಒಂದು ಕಾಗದ ಬರೆಸಿಕೊಂಡ. ಎರಡು ಮದುವೆ ಮುರಿದವರು, ಮೂರು ಮದುವೆ ಕುದುರಿಸಿದವರು ಬಂದು, ಇದಕ್ಕೇನಾದರೂ ಉಪಯೋಗವಿದೆಯೇ ಎಂದು ಶಿಕ್ಕಾವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ ಹೋದರು. ಒಂದು ಸಂಜೆ ಕಾಕು ಸಿಟ್ಟಿನಿಂದ ಹಿತ್ತಲ ಕಲ್ಲು ದಾಟಿ ಕಟ್ಟೆಯ ಮೇಲೆ ಹೋಗಿ ಕುಳಿತಳು. ಕಾಕಾ ಊಟದ ಬಗ್ಗೆ ವಿಚಾರಿಸಿದ.

"ಇವತ್ತು ಅಡಿಗಿ ಇಲ್ರಿ. ನಾ ಊರಾಗ ಇಲ್ಲ."

"ಕಣ್ಮುಂದ ಕುಂತಿಯಲ್ಲ."

"ಇದು ಬ್ಯಾರೆ ದೇಶ ಅಂತ ನೀವೇ ಬರ್ಕೊಟ್ಟೀರಿ."

ದೊರೆ ಆ ರಾತ್ರಿ ಚುರುಮುರಿ ತಿಂದು ಮಲಗಿದ.

ಈ ಎಲ್ಲ ಗದ್ದಲದಲ್ಲಿ ಎನ್ನೋಸಿ ಏನಾಯಿತು ಎಂದು ನೀವು ಕೇಳಬಹುದು. ಆಯಿಯೂ ಕೇಳಿದಳು. ದೇಶ ಹುಟ್ಟಿದ್ದೇ ಆ ಒಂದು ಕಾಗದಕ್ಕಾಗಿ. ಎನ್ನೋಸಿ ಕೊಡಿ ಎಂದು ವ್ಯಂಕಟೇಶ ಕಾಕಾ ಬೇವಿನಕಟ್ಟಿ ಸರಕಾರಕ್ಕೆ ಮೊದಲ ದಿನವೇ ಅರ್ಜಿ ಹಾಕಿದ್ದ. ಸರಕಾರವೂ ಅವನೇ. ಆದರೆ ಅರ್ಜಿ ಬಂದ ದಿನವೇ ಕೊಟ್ಟುಬಿಟ್ಟರೆ ಅದನ್ನು ಸರಕಾರ ಎಂದು ಯಾರು ನಂಬುತ್ತಾರೆ? ಇಪ್ಪತ್ತೊಂದು ಕೆಲಸದ ದಿನ ಎಂದು ಗೊತ್ತುಮಾಡಿದ. ನಡುವೆ ಎರಡು ಸಲ ತನ್ನ ಅರ್ಜಿಯ ಗತಿ ಏನಾಯಿತು ಎಂದು ಕೇಳಲು ಕಟ್ಟೆಗೆ ಹೋಗಿ, ಸಾಹೇಬರು ಇಲ್ಲವೆಂದು ತಿಳಿದು, ನಿಜಕ್ಕೂ ಬೇಸರದಿಂದ ಮರಳಿದ. ನಾನು ಕಣ್ಣಾರೆ ಕಂಡಿದ್ದೇನೆ.

ಆಗಸ್ಟಿನ ಒಂದು ಮಧ್ಯಾಹ್ನ ಆಯಿ ಎಂದಿನಂತೆ ಕಟ್ಟೆಯ ಕಡೆ ಹೊರಟಾಗ ಕಾಕಾ ತಡೆದ.

"ಅವ್ವಾ, ಒಳಗ ಬರಬೇಕಂದ್ರ ಒಂದು ಅರ್ಜಿ ಕೊಡಬೇಕಾಗ್ತದ. ಎಲ್ಲರಿಗೂ ಅದೇ ನಿಯಮ."

ಆಯಿ ಅವನ ಮುಖ ನೋಡಿದಳು. ಆಮೇಲೆ ಹೆಬ್ಬೆರಳು ಮುಂದೆ ಚಾಚಿದಳು. ಆಯಿಗೆ ಸಹಿ ಬರುತ್ತದೆ, ನಾಲ್ಕನೇ ತರಗತಿ ಕಲಿತವಳು. ಆದರೂ ಹೆಬ್ಬೆರಳು ಚಾಚಿದಳು. ಕಾಕಾ ಮಸಿಯ ಡಬ್ಬಿ ತೆರೆದವನು, ಏನೋ ನೆನಪಾದವನಂತೆ ಮುಚ್ಚಿ, "ಇವತ್ತ ಒಂದಿನ ಹಂಗೇ ಬಾ," ಎಂದ. ಆಯಿ ಹೋಗಲಿಲ್ಲ. ಮೋರಿಯ ಆಚೆ ಹಿಂಬಾಗಿಲಿನಲ್ಲಿ ಹಜರಾಬಿ, ಗುಣವಾದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಅಲ್ಲಿಂದ ಆಕೆಗೆ ಕಾಣುತ್ತಿದ್ದುದು ಒಂದು ಬೇವಿನ ಗಿಡ, ಅದಕ್ಕೆ ಆನಿಸಿದ ಒಂದು ಫರಸಿ.

ಇಪ್ಪತ್ತೊಂದನೆಯ ದಿನ ಎನ್ನೋಸಿ ಹೊರಬಿತ್ತು. ಮೂರು ಪ್ರತಿ, ಮೂರಕ್ಕೂ ಶಿಕ್ಕಾ. ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆ ಪಂಚಾಯಿತಿಗೆ ಹೋದ, ನನ್ನನ್ನೂ ಕರೆದೊಯ್ದ. ನಂದಕಿಶೋರ ಸರ್ ಅದನ್ನು ಓದುತ್ತ ಓದುತ್ತ ಎದ್ದು ನಿಂತರು.

"ಬರೋಬ್ಬರಿ ಅದ," ಎಂದರು. "ಇಂಥಾ ಎನ್ನೋಸಿ ನಾ ಎಲ್ಲೂ ನೋಡಿಲ್ಲ. ಆದ್ರ ಈ ದೇಶ ಯಾವಾಗ ಸ್ಥಾಪನಾ ಆಗ್ಯಾದ ಅಂತ ಆಡಿಟ್‌ನವರು ಕೇಳಿದ್ರ ಏನು ತೋರಸ್ಲಿ? ಒಂದು ಶೌಚಾಲಯಕ್ಕೂ ನಾವು ಕಲ್ಲು ನಿಲ್ಲಸ್ತೀವಿ, ಹೆಸರು, ತಾರೀಖು ಕೆತ್ತಿಸಿ. ದೇಶಕ್ಕ ಒಂದು ಕಲ್ಲರೆ ಬೇಡೇನ್ರಿ?"

ಅವರು ಚೇಷ್ಟೆಗೆ ಹೇಳಿದರೋ, ನಿಜವಾಗಿ ಹೇಳಿದರೋ ನನಗೆ ತಿಳಿಯಲಿಲ್ಲ. ಅವರ ಮೀಸೆ ದಟ್ಟವಾಗಿತ್ತು. ಕಾಕಾ ಮಾತ್ರ ಗಂಭೀರವಾಗಿ ತಲೆಯಾಡಿಸಿದ.

ಮನೆಗೆ ಬಂದವನೇ ಹಿತ್ತಲ ಬಾಗಿಲಲ್ಲಿ ನಿಂತು ಫರಸಿಯನ್ನು ನೋಡತೊಡಗಿದ. ಕಾಕು ಒಳಗಿನಿಂದಲೇ ಕೂಗಿದಳು, "ಅದನ್ನ ಹಂಗ ನೋಡಬ್ಯಾಡ್ರಿ."

"ನಾ ಸುಮ್ನ ನೋಡಾಕತ್ತೇನಿ."

"ನೀವು ಯಾವುದನ್ನೂ ಸುಮ್ನ ನೋಡಿದವರಲ್ಲ. ಅದು ಖಾಲಾನ ಕಲ್ಲು."

"ಹೆಸರು ಕೆತ್ತಿದ್ರ ಕಲ್ಲೇನು ಸಣ್ಣದಾಗ್ತದೇನು?"

ಬೀರಣ್ಣ ಚಾಣ, ಸುತ್ತಿಗೆ ತಂದ. 'ಬೇವಿನಕಟ್ಟಿ ಸಾರ್ವಭೌಮ ದೇಶ' ಎಂದು ಮೇಲೆ. ಅದರ ಕೆಳಗೆ 'ಸ್ಥಾಪನೆ: ಸೆಪ್ಟೆಂಬರ್ ೧೬'. ಆಗಸ್ಟಿನಲ್ಲೇ ಸ್ವತಂತ್ರವಾದದ್ದಲ್ಲವೇ ಎಂದು ನಾನು ಕೇಳಿದೆ. ಸ್ವತಂತ್ರವಾದದ್ದು ಬೇರೆ, ಉದ್ಘಾಟನೆ ಬೇರೆ ಎಂದು ಕಾಕಾ ವಿವರಿಸಿದ. ಹದಿನೇಳಕ್ಕೆ ಭಾರತದ ಕಾರ್ಯಕ್ರಮ ಇರುವುದರಿಂದ ಹಿಂದಿನ ದಿನ ಇಟ್ಟುಕೊಂಡರೆ ಶಾಲೆಯ ಬ್ಯಾಂಡಿನವರು ತಾಲೀಮಿಗೆಂದು ಬಂದಂತಾಗುತ್ತದೆ. ಅದರ ಕೆಳಗೆ ಅವನ ಹೆಸರು, ದೊಡ್ಡದಾಗಿ. ಅದರ ಕೆಳಗೆ 'ಉದ್ಘಾಟಕರು' ಎಂದು ಕೆತ್ತಿ ಬೀರಣ್ಣ ಚಾಣ ಎತ್ತಿದ. "ಯಾರ ಹೆಸರು ಕೆತ್ತಲಿ?"

ದೊಡ್ಡ ಮನುಷ್ಯರು ಯಾರೂ ಒಪ್ಪಿರಲಿಲ್ಲ. ಕಾಕಾ ಮೋರಿಯ ಆಚೆ ನೋಡಿದ.

"ಹಜರಾಬಿ ಅಂತ ಕೆತ್ತು," ಎಂದ. "ಎಲ್ಲಾ ಮಾಡಿದ್ದು ಖಾಲಾನ ಸಲುವಾಗಿನೇ ಅಲ್ಲ."

ಇದನ್ನು ಅವನು ಅಷ್ಟು ಪ್ರಾಮಾಣಿಕವಾಗಿ ಹೇಳಿದ ಎಂದರೆ ಕಾಕು ಕೂಡ ಕಲ್ಲಿಗೆ ಹೊದಿಸಲು ತನ್ನದೊಂದು ಸೀರೆ ತೆಗೆದುಕೊಟ್ಟಳು.

ಹದಿನಾರನೆಯ ತಾರೀಖು ಮಧ್ಯಾಹ್ನ ಮೂರು ಗಂಟೆಗೆ ಎರಡೂ ಬೇವಳಗಾಗಳು ನಮ್ಮ ಹಿತ್ತಲಲ್ಲಿ ನೆರೆದವು. ಕಲ್ಲನ್ನು ದೇಶದ ಅಂಚಿನಲ್ಲಿ, ಕೆ ಮೋರಿಯ ದಂಡೆಯಿಂದ ಒಂದು ಫೂಟು ಈಚೆ, ಹೊರಗಿನವರು ಓದಲೆಂದು ಆ ಕಡೆಗೆ ಮುಖಮಾಡಿ ನಿಲ್ಲಿಸಿದ್ದರು. ಬುಡಕ್ಕೆ ಹಾಕಲು ಸಿಮೆಂಟ್ ಇನ್ನೂ ಬಂದಿರಲಿಲ್ಲ. ಹಿಂದೆ ಎರಡು ಬಡಿಗೆ ಕೊಟ್ಟು, ಹಗ್ಗ ಕಟ್ಟಿ, ಮೇಲೆ ಕಾಕುವಿನ ಹಸಿರು ಸೀರೆ ಹೊದಿಸಿದ್ದರು. ಬ್ಯಾಂಡಿನವರು ಬಾರಿಸಿದರು. ಕೆ ಕಡೆಯ ದಂಡೆಯಲ್ಲಿ ನಂದಕಿಶೋರ ಸರ್ ಬಂದು ನಿಂತಿದ್ದರು, ಬಿಸಿಲಿಗೆ ಫೈಲು ಹಿಡಿದು. ಕಾಕಾ ಕಾಗದ ಬಿಚ್ಚಿ, "ಇದೀಗ ಉದ್ಘಾಟಕರು ವೇದಿಕೆಗೆ ಬರಬೇಕಾಗಿ ವಿನಂತಿ," ಎಂದು ಓದಿದ.

ಹಿಂಬಾಗಿಲು ತೆರೆಯಿತು. ಹಜರಾಬಿ ಹೊರಬಂದಳು. ಒಗೆದ ಬಿಳಿ ಓಡಣಿ ಹೊದ್ದಿದ್ದಳು. ಹಿಂದೆ ನಸ್ರೀನ ಇದ್ದಳು. ಒಂದು ದಿನ ಮೊದಲೇ ಬಂದಿದ್ದಳು, ಕೈಯಲ್ಲಿ ಕಟ್ಟಿದ ಗಂಟು ಇತ್ತು. ಹಜರಾಬಿ ಹತ್ತು ಹೆಜ್ಜೆ ನಡೆದು ಬಂದು ಮೋರಿಯ ದಂಡೆಯಲ್ಲಿ ನಿಂತಳು.

ಎಲ್ಲರೂ ಕಾದರು. ಬ್ಯಾಂಡಿನವರು ಇನ್ನೊಂದು ಸಲ ಬಾರಿಸಿದರು. ಹಜರಾಬಿ ನಿಂತೇ ಇದ್ದಳು.

ಆಗ ನೆರೆದವರಿಗೆ, ಒಬ್ಬೊಬ್ಬರಿಗಾಗಿ, ತೊಡಕು ಏನೆಂದು ಹೊಳೆಯಿತು. ಎಲ್ಲರಿಗಿಂತ ಕೊನೆಗೆ ಹೊಳೆದದ್ದು ದೊರೆಗೆ. ಆದರೂ ಅವನು ಸೋಲಲಿಲ್ಲ. ಸೀರೆಯ ಸೆರಗಿಗೆ ಒಂದು ದಾರ ಕಟ್ಟಿ, ತುದಿಗೆ ಬೇವಿನ ಕಡ್ಡಿ ಸಿಕ್ಕಿಸಿ ಆಚೆ ಎಸೆದ. "ಅಲ್ಲಿಂದಲೇ ಎಳೀರಿ, ಖಾಲಾ."

ಹಜರಾಬಿ ಎಳೆದಳು. ಸೀರೆ ಜಾರಿತು. ಜನ ಚಪ್ಪಾಳೆ ತಟ್ಟಿದರು. ಆಕೆ ಕಲ್ಲನ್ನು ಮೇಲಿನಿಂದ ಕೆಳಗಿನ ತನಕ ನಿಧಾನವಾಗಿ ನೋಡಿದಳು.

"ಛಲೋ ಕಲ್ಲು," ಎಂದಳು. "ಎಷ್ಟು ಫೂಟ ಅದ, ಬೇಟಾ?"

"ಆರು ಫೂಟ್ರಿ, ಖಾಲಾ."

"ಈ ಮೋರಿ?"

ಬೇವಿನ ಗಿಡದಿಂದ ಒಂದು ಕಾಗೆ ಎದ್ದು ಭಾರತದ ಕಡೆ ಹೋಯಿತು.

"ನಾಕು," ಎಂದು ಚಂದಪ್ಪ ಹಿಂದಿನಿಂದ ಹೇಳಿದ. ಯಾರೂ ಅವನನ್ನು ಕೇಳಿರಲಿಲ್ಲ.

ನಮ್ಮ ಬಾಗಿಲ ಹೊಸ್ತಿಲ ಮೇಲೆ ಕುಳಿತಿದ್ದ ಆಯಿ ಆಗ ಮೊದಲ ಸಲ ಮಾತಾಡಿದಳು. "ಲೇ ವ್ಯಂಕಟ್ಯಾ. ಆ ಕಲ್ಲಿಗಿ ನಿಂತು ನಿಂತು ಬ್ಯಾಸರಾಗ್ಯಾದ. ಮಲಗಸು ಅದನ್ನ."

"ಮಲಗಸ್ತೇನಿ, ಅವ್ವಾ. ಆದ್ರ ಪರವಾನಿಗಿ ಇನ್ನೂ..." ಕಾಕಾ ಮೋರಿಯ ಆಚೆ ನೋಡಿದ. ದನಿ ತಗ್ಗಿತ್ತು. "ಸರ್, ನಾ ಹಾಕಬಹುದು. ನಾಳಿ ನಿಮ್ಮ ಮಂದಿ ಬಂದು ಎತ್ತಿದ್ರ? ಹಲಗಿ ಎತ್ತಿದಂಗ? ನಾ ಖಾಲಾಗ ಮಾತು ಕೊಟ್ಟೇನಿ, ಯಾರೂ ಎತ್ತಬಾರದು ಅಂತ."

ನಂದಕಿಶೋರ ಸರ್ ಫೈಲನ್ನು ತಲೆಯ ಮೇಲಿನಿಂದ ಇಳಿಸಿದರು.

"ಅತಿಕ್ರಮಣ ಅಂತ ಎತ್ತಸಬೇಕಾಗ್ತದ್ರಿ, ಖರೆ," ಎಂದರು. "ಆದ್ರ ಅದರ ಒಂದು ತುದಿ ನಿಮ್ಮ ದೇಶದಾಗ ಇರ್ತದ. ಬ್ಯಾರೆ ದೇಶದಾಗಿನ ಕಲ್ಲಿಗಿ ನಾ ಹೆಂಗ ಕೈ ಹಚ್ಚಲಿ? ನಿಮ್ಮ ಎನ್ನೋಸಿ ಬೇಕಾಗ್ತದ. ನಾ ಅರ್ಜಿ ಕೊಡತೇನಿ. ನೀವು ಕೊಡ್ತೀರೇನು?"

ಕಾಕಾ ಅವರನ್ನೇ ನೋಡಿದ. ಜೀವನದಲ್ಲಿ ಮೊದಲ ಸಲ ಒಬ್ಬ ಅಧಿಕಾರಿ ಅವನಿಗೇ ಅರ್ಜಿ ಕೊಟ್ಟು ಕಾಗದ ಬೇಡುತ್ತಿದ್ದ.

"ಇಪ್ಪತ್ತೊಂದು ದಿನ ಆಗ್ತದ," ಎಂದ, ಮೆಲ್ಲಗೆ.

"ಆಗ್ಲಿ. ಆಮ್ಯಾಲ?"

"ಆಮ್ಯಾಲನೂ ಕೊಡಂಗಿಲ್ಲ."

"ಹಂಗಾರ ಮುಗೀತಲ್ರಿ," ಎಂದು ನಂದಕಿಶೋರ ಸರ್ ಮತ್ತೆ ಫೈಲು ತಲೆಗೇರಿಸಿದರು.

ಬೀರಣ್ಣ ಮತ್ತು ಮೂವರು ಹಗ್ಗ ಬಿಚ್ಚಿದರು. ಹೊತ್ತು ತಿರುಗಿಸಿ, ಹೆಸರು ಮೇಲೆ ಕಾಣುವ ಹಾಗೆ ಹಾಕಬೇಕೆಂದು ಅವರ ಲೆಕ್ಕ. ಆಚೆಯಿಂದ ಹಜರಾಬಿ ಕೈ ಅಡ್ಡ ಮಾಡಿದಳು.

"ಅಕ್ಷರದ ಮ್ಯಾಲ ನಾ ಕಾಲಿಡಂಗಿಲ್ಲ, ಬೇಟಾ. ಯಾರ ಹೆಸರೇ ಇರಲಿ."

ಕೆಲಸ ನಿಂತಿತು. ಎಲ್ಲರೂ ಕಾಕಾನ ಕಡೆ ನೋಡಿದರು. ಕಾಕಾ ಕಲ್ಲಿನ ಕಡೆ ನೋಡಿದ. ಎರಡು ದಿನ ಕುಳಿತು ಕೆತ್ತಿಸಿದ ಹೆಸರು. ಅವನ ಹೆಸರು ಅಷ್ಟು ದೊಡ್ಡದಾಗಿ ಮತ್ತೆಲ್ಲೂ ಬರೆದಿರಲಿಲ್ಲ, ಮದುವೆಯ ಕಾರ್ಡಿನಲ್ಲೂ. ಅವನು ಬೆರಳಿನಿಂದ ಒಂದು ಅಕ್ಷರದೊಳಗಿನ ಧೂಳು ತೆಗೆದ.

"ಎತ್ತೂದು ಬ್ಯಾಡ," ಎಂದ. "ಹಂಗೇ ಮುಂದಕ್ಕ ಮಲಗಸ್ರಿ. ಮುಖ ಕೆಳಗಾಗ್ತದ."

ಹಗ್ಗ ಸಡಿಲ ಬಿಡುತ್ತ ಬಿಡುತ್ತ ಅವರು ಕಲ್ಲನ್ನು ಬಾಗಿಸಿದರು. ಬೇವಿನಕಟ್ಟಿ ಸಾರ್ವಭೌಮ ದೇಶ ಕೆಳಗಿನ ನೀರಿಗೆ ತನ್ನ ಹೆಸರು ತೋರಿಸುತ್ತ ಮುಂದಕ್ಕೆ ಬಗ್ಗಿ, ನಾಲ್ಕು ಫೂಟಿನ ಮೋರಿಯನ್ನು ದಾಟಿ, ಆಚೆ ದಂಡೆಯ ಮೇಲೆ ಧಪ್ಪನೆ ಕುಳಿತಿತು. ಕಾಕಾ ಅದರ ಮೇಲೆ ನಿಂತು ಎರಡು ಸಲ ಹಾರಿ ನೋಡಿದ. ಹೊರಳಲಿಲ್ಲ.

ಹಜರಾಬಿ ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಬಲಗಾಲಿಟ್ಟಳು. ನಡುವೆ ಬಂದಾಗ ಒಂದು ಕ್ಷಣ ನಿಂತಳು.

"ಇಲ್ಲಿ ಯಾರ ಸರಕಾರ ಅದ?"

"ಇಲ್ಲಿ ಯಾರದೂ ಇಲ್ರಿ, ಖಾಲಾ," ಎಂದ ಕಾಕಾ, ಕೈ ಚಾಚಿ. "ಬರ್ರಿ."

ಹದಿನೆಂಟು ಹೆಜ್ಜೆಯ ದಾರಿ ಮತ್ತೆ ಹದಿನೆಂಟೇ ಆಗಿತ್ತು. ಆಚೆ ದಂಡೆಯಲ್ಲಿ ನಸ್ರೀನ ಕೈಯಲ್ಲಿದ್ದ ಗಂಟನ್ನು ತಿರುಗಿ ಬಾಗಿಲ ಒಳಗೆ ಇಟ್ಟಳು. ಆಯಿ ಅರ್ಜಿ ಕೊಡದೆ ಹಿತ್ತಲ ಕಲ್ಲು ದಾಟಿ ಬಂದಳು. ಇಬ್ಬರೂ ಕಟ್ಟೆಯ ಮೇಲೆ, ಹಜರಾಬಿ ಆಯಿಯ ಎಡಗಿವಿಯ ಕಡೆ, ಕುಳಿತರು. ಬ್ಯಾಂಡಿನವರಿಗೆ ಸುಮ್ಮನಿರಲು ಕಾಕು ಸನ್ನೆ ಮಾಡಿದಳು.

"ಎಲ್ಲಿಗಿ ಬಂದಿತ್ತು?" ಎಂದು ಆಯಿ ತನ್ನನ್ನೇ ಕೇಳಿಕೊಂಡಳು. "ಹಾಂ. ಆ ನೆರಳು ಸಂತಿ ಮುಗಿಸಿಕೊಂಡು ಮನಿ ಕಡಿ ಹೊಂಟಿತ್ತು."

"ಹೂಂ," ಎಂದಳು ಹಜರಾಬಿ.